ಹೊಸ ಗ್ರೈಂಡರಿನ ಕಲ್ಲು ಪಳಗಿಸುವುದು

ಹೊಸ ಗ್ರೈಂಡರ್ ಮನೆಗೆ ಬಂದ ದಿನವೇ ಉದ್ದು ನೆನೆಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಲ್ಲಿ ಕೆಳಗೆ ಹಿಡಿದು ಒಂದು ಸಲ ತೊಳೆದರೆ ಮುಗಿಯಿತು ಅಂದುಕೊಂಡಿರುತ್ತಾರೆ. ಮಾರನೇ ದಿನ ಇಡ್ಲಿ ತಿನ್ನುವಾಗ ಹಲ್ಲಿಗೆ ಕರಕ್ ಅಂದ ಮೇಲೆ ನನಗೆ ಫೋನು. ಅದು ಅಕ್ಕಿಯ ಕಲ್ಲಲ್ಲ ಕಣಮ್ಮಾ, ನಿನ್ನ ಗ್ರೈಂಡರಿನದೇ. ಗ್ರಾನೈಟ್ ಅಲ್ವಾ? ಕಡೆದಾಗ ಅಂಟಿಕೊಂಡ ಪುಡಿ, ಸಡಿಲವಾದ ಚೂರು ಮೊದಮೊದಲು ಉದುರಿಯೇ ಉದುರುತ್ತದೆ.

ತೆಂಗಿನ ನಾರಿನಿಂದ ಚೆನ್ನಾಗಿ ತಿಕ್ಕಿ ತೊಳೆಯಿರಿ. ಆಮೇಲೆ ನೆನೆದ ಅಗ್ಗದ ಅಕ್ಕಿ ಒಂದೆರಡು ಹಿಡಿ, ಸಿಕ್ಕರೆ ತೌಡು, ಧಾರಾಳವಾಗಿ ನೀರು ಹಾಕಿ ತಿರುಗಿಸಿ. ಕಲ್ಲುಪ್ಪು ಹಾಕಿ ಅನ್ನುವವರಿದ್ದಾರೆ. ಬೇಡ, ಸ್ಟೀಲ್ ಡ್ರಮ್ಮಿಗೆ ಉಪ್ಪು ಆಗಿಬರುವುದಿಲ್ಲ. ಬೂದು ಬಣ್ಣಕ್ಕೆ ತಿರುಗಿದ ಹಿಟ್ಟನ್ನು ಚೆಲ್ಲಿಬಿಡಿ. ಹಸುವಿಗೆ ಹಾಕಬೇಡಿ, ಅದಕ್ಕೂ ಹಲ್ಲಿದೆ.

ಹೀಗೆ ಎಷ್ಟು ಸಲ ಅಂತ ಕೇಳಬೇಡಿ, ಪರೀಕ್ಷೆ ಮಾಡಿ. ರುಬ್ಬಿದ ಹಿಟ್ಟು ಒಂದು ಸೌಟು ತೆಗೆದು ಬೇಸಿನ್ ತುಂಬ ನೀರಿನಲ್ಲಿ ಕದಡಿ. ಸ್ವಲ್ಪ ಹೊತ್ತು ಸುಮ್ನೆ ಬಿಡಿ. ಕಲ್ಲಿನ ಪುಡಿ ಭಾರ, ಅದೇ ಮೊದಲು ತಳ ಸೇರುತ್ತದೆ. ಮೇಲಿನ ಬಿಳಿ ನೀರನ್ನು ನಿಧಾನವಾಗಿ ಬಗ್ಗಿಸಿ. ಮತ್ತೆ ನೀರು ಹಾಕಿ, ಮತ್ತೆ ಬಗ್ಗಿಸಿ, ಅಕ್ಕಿ ಗಾಳಿಸಿದ ಹಾಗೆ. (ಈಗಿನವರಿಗೆ ಅದಾದರೂ ಎಲ್ಲಿ ಗೊತ್ತು!) ಕೊನೆಗೆ ಉಳಿದ ಗಷ್ಟನ್ನು ಬೆರಳಿಗೆ ತೆಗೆದುಕೊಂಡು ಹಳೆಯ ಸ್ಟೀಲ್ ತಟ್ಟೆಯ ಬೆನ್ನಿಗೆ ಉಜ್ಜಿ. ತಟ್ಟೆ ಕಿವಿ ಹತ್ತಿರ ಇರಲಿ, ಟೀವಿ ಆರಿಸಿ. ಅಕ್ಕಿ ತರಿಯಾದರೆ ಬೆರಳಡಿ ಮೆತ್ತಗೆ ನುರಿಯುತ್ತದೆ. ಕಲ್ಲಾದರೆ ಕಿರ್ ಅನ್ನುತ್ತದೆ, ತಟ್ಟೆ ಮೇಲೆ ಗೀರೂ ಬೀಳುತ್ತದೆ. ಸದ್ದು ಬಂತೋ, ಮತ್ತೆ ಅಕ್ಕಿ ಹಾಕಿ ರುಬ್ಬಿ.

ನಮ್ಮತ್ತೆ ಒರಳಿಗೆ ಇದನ್ನೇ ಮಾಡುತ್ತಿದ್ದರು. ಒರಳು ಸವೆದು ನುಣ್ಣಗಾದರೆ ಉದ್ದು ಜಾರುತ್ತದೆಯೇ ಹೊರತು ಅರೆಯುವುದಿಲ್ಲ. ಆಗ ಕಲ್ಲು ಕುಟ್ಟುವವರು ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದರು. ಉಳಿ ಸುತ್ತಿಗೆಯಲ್ಲಿ ಒಳಗೆಲ್ಲ ಸಣ್ಣ ಗುಳಿ ಹೊಡೆದುಕೊಡುತ್ತಿದ್ದರು. ಅವರು ಅತ್ತ ಹೋದ ಕೂಡಲೇ ಇತ್ತ ಅತ್ತೆಯ ತಟ್ಟೆ ಹೊರಗೆ ಬರುತ್ತಿತ್ತು. ಅತ್ತೆ ಒಪ್ಪುವ ತನಕ ದೋಸೆಯ ಮಾತೇ ಇಲ್ಲ, ಎಲ್ಲರಿಗೂ ಉಪ್ಪಿಟ್ಟು.

ಪಳಗಿದ ಕಲ್ಲನ್ನೂ ಖಾಲಿ ತಿರುಗಿಸಬೇಡಿ. ನಡುವೆ ಕಾಳು, ನೀರು ಇಲ್ಲದಿದ್ದರೆ ಕಲ್ಲು ಕಲ್ಲನ್ನೇ ಅರೆಯುತ್ತದೆ. ಮೊದಲು ನೀರು ಬಿಟ್ಟು, ಉದ್ದನ್ನು ಹಿಡಿಹಿಡಿಯಾಗಿ ಹಾಕಿ. ತಿಕ್ಕಾಟಕ್ಕೆ ಹಿಟ್ಟು ಬಿಸಿಯಾಗುತ್ತದೆ, ಆಗಾಗ ತಣ್ಣೀರು ಚಿಮುಕಿಸಿ. ತೊಳೆಯಲು ಸ್ಟೀಲ್ ಸ್ಕ್ರಬ್ಬರ್ ಬೇಡ, ತಂತಿ ಚೂರು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದೇ ಸ್ಕ್ರಬ್ಬರಿನಲ್ಲಿ ನಾನ್‌ಸ್ಟಿಕ್ ತವಾದ ಲೇಪವನ್ನೆಲ್ಲ ಕೆರೆದು ಹಾಕಿ, ದೋಸೆ ಏಳ್ತಿಲ್ಲ ಅಂತ ತವಾಕ್ಕೆ ಬೈಯುವವರೂ ಇದ್ದಾರೆ. ಅದಕ್ಕೆ ಮೆತ್ತನೆ ಸ್ಪಂಜು ಸಾಕಮ್ಮಾ.

ತೊಳೆದ ಗುಂಡನ್ನು ಒದ್ದೆಯಲ್ಲೇ ಮುಚ್ಚಿಡಬೇಡಿ. ಪೂರ್ತಿ ಒಣಗದಿದ್ದರೆ ಮುಂದಿನ ಸಲ ಹುಳಿ ವಾಸನೆ ಹೊಡೆಯುತ್ತದೆ.