ಕ್ವೇಕರ್ ಮಹಿಳೆಯೊಬ್ಬಳ ಬದುಕನ್ನು ಹಳೆಯ ದಾಖಲೆಗಳಲ್ಲಿ ಹುಡುಕುವುದು ಹೇಗೆ?

ಹದಿನೆಂಟನೆಯ ಶತಮಾನದಲ್ಲಿ ಅಮೆರಿಕದ ಇಂಗ್ಲಿಷ್ ವಸಾಹತುಗಳಲ್ಲಿ ಬಾಳಿದ ಹೆಣ್ಣೊಬ್ಬಳ ಚರಿತ್ರೆಯನ್ನು ಕಾಗದಪತ್ರಗಳಿಂದ ಕಟ್ಟಲು ಹೊರಟವರಿಗೆ ಎದುರಾಗುವ ಮೊದಲ ತೊಡಕೆಂದರೆ, ಮದುವೆಯಾದೊಡನೆ ಅವಳ ತವರಿನ ಹೆಸರು ಮರೆಯಾಗಿ, ಆಸ್ತಿ ಮತ್ತು ತೆರಿಗೆಯ ದಾಖಲೆಗಳೆಲ್ಲ ಗಂಡನ ಹೆಸರಿನಲ್ಲೇ ಮುಂದುವರಿಯುವುದು. ಆಕೆ ಕ್ವೇಕರ್ ಎಂಬ ಕ್ರೈಸ್ತ ಪಂಥದವಳಾಗಿದ್ದರೆ ಕೆಲಸ ಸ್ವಲ್ಪ ಹಗುರಾಗುತ್ತದೆ. ಏಕೆಂದರೆ ಆ ಪಂಥದ ಹೆಂಗಸರು ಪ್ರತ್ಯೇಕ ಮಾಸಿಕ ಸಭೆ ನಡೆಸಿ, ಅದರ ನಡಾವಳಿಯನ್ನು ತಾವೇ ಬರೆದಿಡುತ್ತಿದ್ದರು. ಫಿಲಡೆಲ್ಫಿಯಾದ ಎಲಿಜಬೆತ್ ಸ್ಯಾಂಡ್‌ವಿತ್ ಡ್ರಿಂಕರ್ (1735–1807) ಅವರನ್ನು ಉದಾಹರಣೆಯಾಗಿಟ್ಟುಕೊಂಡು ಹುಡುಕಾಟದ ಕ್ರಮವನ್ನು ನೋಡೋಣ.

ಮೊದಲು ಆಕೆ ಯಾವ ಮಾಸಿಕ ಸಭೆಗೆ, ಅಂದರೆ ಕ್ವೇಕರರ ಯಾವ ಸ್ಥಳೀಯ ಘಟಕಕ್ಕೆ, ಸೇರಿದ್ದಳೆಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಕ್ವೇಕರರಲ್ಲಿ ದೀಕ್ಷಾಸ್ನಾನದ ಪದ್ಧತಿ ಇಲ್ಲವಾದ್ದರಿಂದ ಚರ್ಚಿನ ದೀಕ್ಷಾ ದಾಖಲೆಗಳಲ್ಲಿ ಅವರನ್ನು ಹುಡುಕುವುದು ವ್ಯರ್ಥ. ಜನನ, ಮರಣ, ಮದುವೆಗಳೆಲ್ಲ ಸಭೆಯ ಪುಸ್ತಕಗಳಲ್ಲಿಯೇ ಸಿಗುತ್ತವೆ. ಫಿಲಡೆಲ್ಫಿಯಾದ ಕ್ವೇಕರರು 1827ರಲ್ಲಿ ಎರಡು ಬಣಗಳಾಗಿ ಒಡೆದ ಕಾರಣ, ಆ ಭಾಗದ ದಾಖಲೆಗಳನ್ನು ಇಂದು ಸ್ವಾರ್ತ್‌ಮೋರ್ ಮತ್ತು ಹ್ಯಾವರ್‌ಫರ್ಡ್ ಎಂಬ ಎರಡು ಕಾಲೇಜುಗಳ ಗ್ರಂಥಾಲಯಗಳಲ್ಲಿ ನೋಡಬೇಕಾಗುತ್ತದೆ. ವಿಲಿಯಂ ವೇಡ್ ಹಿನ್‌ಶಾ 1936ರಿಂದ ಹೊರತಂದ ವಂಶಾವಳಿ ಸಂಪುಟಗಳು ದಾರಿ ತೋರಿಸುತ್ತವೆ. ಆದರೆ ಅವು ಸಂಕ್ಷೇಪಗಳು ಮಾತ್ರ, ಮೂಲವನ್ನು ನೋಡದೆ ಅವುಗಳ ಮೇಲೆ ತೀರ್ಮಾನ ಕಟ್ಟಬಾರದು.

ಎರಡನೆಯದು ತಾರೀಖಿನ ಲೆಕ್ಕ. ಅನುಭವಸ್ಥರೂ ಎಡವುವ ಜಾಗ ಇದೇ. ತಿಂಗಳುಗಳ ರೂಢಿಯ ಹೆಸರುಗಳಲ್ಲಿ ಕೆಲವು ಅನ್ಯದೇವತೆಗಳಿಂದ ಬಂದವೆಂದು ಕ್ವೇಕರರು ಅವನ್ನು ಬಿಟ್ಟು, ‘ಮೊದಲನೆಯ ತಿಂಗಳು’, ‘ಎರಡನೆಯ ತಿಂಗಳು’ ಎಂದು ಎಣಿಸುತ್ತಿದ್ದರು. 1752ಕ್ಕೆ ಮುಂಚೆ ಇಂಗ್ಲಿಷ್ ಆಳ್ವಿಕೆಯಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಮೊದಲನೆಯ ತಿಂಗಳೆಂದರೆ ಮಾರ್ಚ್, ಹನ್ನೆರಡನೆಯದೆಂದರೆ ಫೆಬ್ರುವರಿ. ಎಲಿಜಬೆತ್ ಹುಟ್ಟಿದ್ದು ನಮ್ಮ ಲೆಕ್ಕದಲ್ಲಿ 1735ರ ಫೆಬ್ರುವರಿ. ಅಂದಿನ ಲೆಕ್ಕದಲ್ಲಿ ಅದು 1734ರ ಹನ್ನೆರಡನೆಯ ತಿಂಗಳು. ಆಕೆ ಹೆನ್ರಿ ಡ್ರಿಂಕರ್ ಅವರನ್ನು ವರಿಸಿದ್ದು 1761ರ ಮೊದಲನೆಯ ತಿಂಗಳಲ್ಲಿ, ಆದರೆ ಆ ಹೊತ್ತಿಗೆ ಪಂಚಾಂಗ ಬದಲಾಗಿ ವರ್ಷ ಜನವರಿಯಿಂದ ಶುರುವಾಗುತ್ತಿದ್ದುದರಿಂದ ಅದು ಜನವರಿ. ಒಬ್ಬಳದೇ ಆಯುಸ್ಸಿನಲ್ಲಿ ಒಂದೇ ಪದ ಎರಡು ತಿಂಗಳುಗಳನ್ನು ಸೂಚಿಸುವುದರಿಂದ, ಮೂಲದಲ್ಲಿ ಇದ್ದಂತೆಯೇ ನಕಲು ಮಾಡಿಕೊಂಡು, ಪರಿವರ್ತಿಸಿದ ತಾರೀಖನ್ನು ಪಕ್ಕದಲ್ಲಿ ಬೇರೆಯಾಗಿ ಬರೆಯಬೇಕು.

ಮೂರನೆಯದಾಗಿ ವಿವಾಹ ಪತ್ರವನ್ನು ಹುಡುಕಬೇಕು. ನನ್ನ ಮಟ್ಟಿಗೆ ಇದಕ್ಕಿಂತ ಬೆಲೆಯುಳ್ಳ ಕಾಗದ ಇನ್ನೊಂದಿಲ್ಲ. ಪುರೋಹಿತರಿಲ್ಲದ ಆ ಮದುವೆಯಲ್ಲಿ ವಧೂವರರು ನೆರೆದವರ ಮುಂದೆ ತಾವೇ ಮಾತು ಕೊಡುತ್ತಿದ್ದರು, ಬಂದವರು ಸಾಕ್ಷಿಗಳಾಗಿ ರುಜು ಹಾಕುತ್ತಿದ್ದರು. ಪತ್ರದಲ್ಲಿ ಇಬ್ಬರ ತಂದೆತಾಯಿಯರ ಹೆಸರು ಮತ್ತು ಊರು ಸಾಮಾನ್ಯವಾಗಿ ಇರುತ್ತವೆ. ವಧು ಗಂಡನ ಮನೆಯ ಹೆಸರಿನಿಂದ ಸಹಿ ಮಾಡುವುದರಿಂದ ಅವಳ ಎರಡೂ ಹೆಸರುಗಳು ಒಂದೇ ಹಾಳೆಯಲ್ಲಿ ಸಿಗುತ್ತವೆ. ವಧೂವರರ ಸಹಿಗಳ ಕೆಳಗೆ ಹತ್ತಿರದ ಬಂಧುಗಳು ಗುಂಪಾಗಿ ರುಜು ಹಾಕಿರುವುದುಂಟು. ಅಲ್ಲಿನ ಹೆಂಗಸರ ಹೆಸರುಗಳನ್ನು ಒಂದೊಂದಾಗಿ ಪಟ್ಟಿ ಮಾಡಿದರೆ ಅತ್ತೆ, ಸೋದರತ್ತೆ, ಅಕ್ಕತಂಗಿಯರ ಸುಳಿವು ಹಿಡಿಯಬಹುದು.

ಆಮೇಲೆ ಮಹಿಳಾ ಸಭೆಯ ನಡಾವಳಿ. ಮದುವೆಗೆ ಮುನ್ನ ಜೋಡಿ ತಮ್ಮ ಇರಾದೆಯನ್ನು ಸಭೆಗೆ ತಿಳಿಸಿದ್ದು, ಬೇರೆ ಊರಿಗೆ ಹೋಗುವಾಗ ವರ್ಗಾವಣೆ ಪತ್ರ ಪಡೆದದ್ದು, ಪಂಥದ ಹೊರಗೆ ಮದುವೆಯಾದವಳನ್ನು ಸಭೆ ಹೊರಹಾಕಿದ್ದು, ಅವಳು ತಪ್ಪೊಪ್ಪಿಗೆ ಕೊಟ್ಟು ಮರಳಿ ಸೇರಿದ್ದು ಇಲ್ಲಿ ಬರುತ್ತವೆ. ಹೊರಹಾಕಲ್ಪಟ್ಟವಳ ಹೊಸ ಉಪನಾಮ ಆ ನಿರ್ಣಯದಲ್ಲೇ ದೊರೆಯುವುದು ವಿಪರ್ಯಾಸವಾದರೂ ಸಂಶೋಧಕರಿಗೆ ವರವೇ ಸರಿ. ಸಮಾಧಿಕಲ್ಲುಗಳ ಆಸೆ ಮಾತ್ರ ಬೇಡ: ಆಡಂಬರವೆಂದು ಆ ಕಾಲದ ಕ್ವೇಕರರು ಅವನ್ನು ಒಲ್ಲದವರು.

ಕೊನೆಗೆ ಮನೆಯ ಕಾಗದಗಳು. ತಂದೆಯ ಉಯಿಲಿನಲ್ಲಿ ಮಗಳನ್ನು ‘ಇಂಥವನ ಹೆಂಡತಿ’ ಎಂದು ಗುರುತಿಸಿರುವುದುಂಟು. ವಿವಾಹಿತೆಯ ಸ್ವಂತ ಉಯಿಲು ಅಪರೂಪ. ಎಲಿಜಬೆತ್ 1758ರಿಂದ 1807ರವರೆಗೆ ಬರೆದ ದಿನಚರಿ ಇದೆ. 1991ರಲ್ಲಿ ಅದು ಮೂರು ಸಂಪುಟಗಳಾಗಿ ಅಚ್ಚಾಯಿತು. ಅಮೆರಿಕದ ಸ್ವಾತಂತ್ರ್ಯ ಕ್ರಾಂತಿಯ ಕಾಲದಲ್ಲಿ ಹೆನ್ರಿಯನ್ನು ವರ್ಜೀನಿಯಾಕ್ಕೆ ಗಡೀಪಾರು ಮಾಡಿದಾಗ, 1778ರ ಏಪ್ರಿಲ್‌ನಲ್ಲಿ ಆಕೆ ಇತರ ಹೆಂಗಸರೊಡನೆ ವ್ಯಾಲಿ ಫೋರ್ಜ್‌ನ ಸೇನಾ ಶಿಬಿರಕ್ಕೆ ಹೋಗಿ ಸೇನಾಪತಿ ಜಾರ್ಜ್ ವಾಷಿಂಗ್ಟನ್ನರನ್ನು ಕಂಡದ್ದು ಅದರಲ್ಲಿದೆ. ಮದುವೆಯಾಗದೆ ತಂಗಿಯ ಮನೆಯಲ್ಲೇ ಉಳಿದು ಅದರ ಕಾರುಬಾರು ನೋಡಿಕೊಂಡ ಮೇರಿ ಸ್ಯಾಂಡ್‌ವಿತ್ ಕೂಡ ಅಲ್ಲಿ ಪದೇ ಪದೇ ಬರುತ್ತಾರೆ. ಅಂಥ ಅವಿವಾಹಿತೆಯ ಜಾಡನ್ನು ಸಭೆಯ ಮದುವೆ ಪುಸ್ತಕ ಹಿಡಿದುಕೊಡದು. ಒಡಹುಟ್ಟಿದವರ ದಿನಚರಿ, ಓಲೆಗಳಲ್ಲಿಯೇ ಅವಳನ್ನು ಅರಸಬೇಕು.