ರೀಮೇಕ್‌ಗೆ ಡೈಲಾಗ್ ಬರೆದ ನನ್ನ ಅನುಭವ

ರೀಮೇಕ್ ಅಂದ ತಕ್ಷಣ ನಮ್ಮಲ್ಲಿ ಅರ್ಧ ಜನ ಮುಖ ಸಿಂಡರಿಸ್ತಾರೆ. ನಾನೂ ಹಾಗೇ ಇದ್ದೆ, ಒಂದು ಮಲಯಾಳಂ ಸಿನಿಮಾನ ಕನ್ನಡಕ್ಕೆ ತರ್ತಿದೀವಿ ಡೈಲಾಗ್ ಬರೀತೀಯಾ ಅಂತ ಫೋನ್ ಬರೋವರೆಗೂ.

ಒಪ್ಕೊಂಡ್ಮೇಲೆ ಮಾಡಿದ ಮೊದಲ ಕೆಲಸ, ಬೆಂಗಳೂರಲ್ಲಿ ಆ ಸಿನಿಮಾ ಓಡ್ತಿದ್ದ ಥಿಯೇಟರ್‌ಗೆ ನಾಲ್ಕು ಸಲ ಹೋಗಿದ್ದು. ಮೊದಲ ಸಲ ಸಿನಿಮಾ ನೋಡ್ದೆ, ಉಳಿದ ಮೂರು ಸಲ ಸೈಡ್ ಸೀಟಲ್ಲಿ ಕೂತು ಜನರನ್ನ ನೋಡ್ದೆ, ಎಲ್ಲಿ ನಗ್ತಾರೆ, ಎಲ್ಲಿ ಎದ್ದು ಹೊರಗೆ ಹೋಗ್ತಾರೆ, ಎಲ್ಲಿ ಮೊಬೈಲ್ ತೆಗೀತಾರೆ, ಎಲ್ಲಾನೂ ಟೈಮ್ ಸಮೇತ ನೋಟ್‌ಬುಕ್ಕಲ್ಲಿ ಬರ್ಕೊಂಡೆ. ಮೊದಲು ಮಾಡಿದವರಿಗೆ ಈ ಅನುಕೂಲ ಸಿಗಲ್ಲ. ನಮಗೆ ಕೋಟಿಗಟ್ಟಲೆ ಸುರಿದು ತೆಗೆದ ಒಂದು ಪೂರ್ತಿ ಡ್ರಾಫ್ಟೇ ಕಣ್ಣೆದುರಿಗಿರುತ್ತೆ. ಹಾಲಿವುಡ್ಡಲ್ಲಿ 'ದಿ ಮಾಲ್ಟೀಸ್ ಫಾಲ್ಕನ್' ಅನ್ನೋ ಪತ್ತೇದಾರಿ ಕಥೆ 1931ರಲ್ಲಿ ಸಿನಿಮಾ ಆಯ್ತು, 1936ರಲ್ಲಿ ಬೇರೆ ಹೆಸರಲ್ಲಿ ಇನ್ನೊಂದ್ಸಲ ಆಯ್ತು, ಆದ್ರೆ ಜನ ಇವತ್ತಿಗೂ ನೋಡೋದು 1941ರಲ್ಲಿ ಜಾನ್ ಹ್ಯೂಸ್ಟನ್ ಮಾಡಿದ ಮೂರನೇದನ್ನ.

ನನ್ನ ಬುಕ್ಕಲ್ಲಿ ಮೂರೂ ಶೋನಲ್ಲಿ ಮೊಬೈಲ್ ಬೆಳಕು ಬಿದ್ದ ಜಾಗ ಒಂದೇ. ಮಗ ಅಮ್ಮನಿಗೆ ಹೇಳ್ದೇ ತೋಟ ಮಾರಿ ರಾತ್ರಿ ಮನೆಗೆ ಬರ್ತಾನೆ, ಅಮ್ಮ ಅತ್ತು ಕರೆದು ಎರಡು ಪುಟ ಮಾತಾಡ್ತಾಳೆ. ಮೊದಲ ಡ್ರಾಫ್ಟಲ್ಲಿ ನಾನು ಅದನ್ನೇ ಸಾಲಿಗೆ ಸಾಲು ಕನ್ನಡಕ್ಕೆ ಇಳಿಸಿದ್ದೆ, 'ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ' ಅಂತೆಲ್ಲ. ಓದಿ ಹೇಳಿದಾಗ ರೂಮಲ್ಲಿ ಯಾರಿಗೂ ಏನೂ ಅನ್ನಿಸ್ಲಿಲ್ಲ. ಡೈರೆಕ್ಟರ್ ಒಂದೇ ಕೇಳಿದ್ರು, ನಿಮ್ಮಮ್ಮ ಆಗಿದ್ರೆ ಏನ್ಮಾಡ್ತಿದ್ರು?

ನಮ್ಮಮ್ಮ ಸಿಟ್ಟು ಬಂದ್ರೆ ಮಾತಾಡಲ್ಲ, ತಟ್ಟೆ ಇಟ್ಟು ಬಡಿಸ್ತಾಳೆ. ಕಥೆನ ನಾವು ಹೇಗಿದ್ರೂ ತೀರ್ಥಹಳ್ಳಿ ಕಡೆಗೆ ತಂದಿದ್ವಿ, ಅಡಿಕೆ ತೋಟ. ಹೊಸ ಸೀನಲ್ಲಿ ಅಮ್ಮ ಅನ್ನ ಹಾಕಿ ಸಾರು ಬಿಡ್ತಾಳೆ, ಮಗ ತಲೆ ಎತ್ತಲ್ಲ, 'ಮಜ್ಜಿಗೆ ಹಾಕ್ಲಾ?' ಅಂತಾಳೆ, ಅವನು ಹೂಂ ಅಂದ್ಮೇಲೆ ಮಜ್ಜಿಗೆ ಬಿಡ್ತಾ ಬಿಡ್ತಾನೇ, 'ಪಂಪ್‌ಹೌಸ್ ಬೀಗದ ಕೈ ಮೊಳೆಗೆ ನೇತಾಕಿದೀನಿ, ತಗೊಂಡವರಿಗೆ ಕೊಟ್ಬಿಡು.' ಅಷ್ಟೇ.

ಈ ಥರ ಒಂದು ಸಣ್ಣ ಬದಲಾವಣೆ ಏನ್ಮಾಡುತ್ತೆ ಅನ್ನೋದಕ್ಕೆ ನಾನು ಯಾವಾಗ್ಲೂ 'ಆಪ್ತಮಿತ್ರ'ನೇ ಹೇಳೋದು. ಅದರ ಮೂಲ, 1993ರ ಮಲಯಾಳಂ 'ಮಣಿಚಿತ್ರತಾಳ್'ನಲ್ಲಿ, ನಾಯಕಿ ತಾನೇ ಅಂದ್ಕೊಳ್ಳೋ ಸತ್ತುಹೋದ ನರ್ತಕಿ ನಾಗವಲ್ಲಿ ತಮಿಳು ಮಾತಾಡ್ತಾಳೆ, ಕೇರಳದವರಿಗೆ ಅದು ಪಕ್ಕದ ಮನೆ ಭಾಷೆ, ಅರ್ಥ ಆಗುತ್ತೆ ಆದ್ರೂ ಬೇರೆಯವಳು ಅನ್ನಿಸುತ್ತೆ. 2004ರಲ್ಲಿ ಪಿ. ವಾಸು ಕನ್ನಡಕ್ಕೆ ತಂದಾಗ ಅವಳು ತೆಲುಗಿನವಳಾದ್ಲು, ಅದೂ ಸೌಂದರ್ಯ ಬಾಯಲ್ಲಿ, ತೆಲುಗು ಸಿನಿಮಾನಲ್ಲೇ ಅಷ್ಟು ವರ್ಷ ಮೆರೆದವರು. 'ರಾ ರಾ' ಹಾಡು ಎಷ್ಟು ಕಚ್ಕೊಳ್ತು ಅಂದ್ರೆ 2005ರಲ್ಲಿ ತಮಿಳಲ್ಲಿ 'ಚಂದ್ರಮುಖಿ' ಮಾಡಿದಾಗ್ಲೂ ವಾಸು ತೆಲುಗನ್ನೇ ಉಳಿಸ್ಕೊಂಡ್ರು. ಮಲಯಾಳಂನಲ್ಲಿ ಆ ಪಾತ್ರ ಮಾಡಿದ ಶೋಭನಾ ಅಭಿನಯಕ್ಕೆ ಸಾಟಿ ಇಲ್ಲ, ಅದು ಬೇರೆ ಮಾತು, ಆದ್ರೆ ಭಾಷೆ ಬದಲಾಯಿಸಿದ ಆ ಒಂದು ನಿರ್ಧಾರಕ್ಕೆ ನಾನು ಕೈ ಮುಗೀತೀನಿ.

ನಮ್ಮ ಸಿನಿಮಾ ಎಲ್ಲಾ ಕಡೆ ಒರಿಜಿನಲ್‌ಗಿಂತ ಮೇಲೆ ಅಂತ ಹೇಳಲ್ಲ, ಕ್ಲೈಮ್ಯಾಕ್ಸ್ ಅವರದ್ದೇ ಚೆನ್ನಾಗಿದೆ. ಆದ್ರೆ ರಿಲೀಸ್ ದಿನ ಶಿವಮೊಗ್ಗದಲ್ಲಿ ಅದೇ ನೋಟ್‌ಬುಕ್ ಹಿಡ್ಕೊಂಡು ಮತ್ತೆ ಸೈಡ್ ಸೀಟಲ್ಲಿ ಕೂತಿದ್ದೆ, ಅಮ್ಮ ಮಜ್ಜಿಗೆ ಪಾತ್ರೆ ಎತ್ತಿದಾಗ ಸ್ಕ್ರೀನ್ ಬಿಟ್ಟು ಹಾಲ್ ಕಡೆ ತಿರುಗಿದೆ. ಮುಂದಿನ ಸಾಲಲ್ಲಿ ಒಬ್ಬರು ಸೆರಗು ಕಣ್ಣಿಗೆ ಒತ್ಕೊಂಡ್ರು. ಒಂದು ಮೊಬೈಲೂ ಹೊತ್ಕೊಳ್ಳಲಿಲ್ಲ.