ಹತ್ತಿರದ ಅರ್ಥದ ಇಂಗ್ಲಿಷ್ ಪದಗಳಲ್ಲಿ ಸರಿಯಾದುದನ್ನು ಆರಿಸುವುದು ಹೇಗೆ?

ರಜೆಯ ಅರ್ಜಿಯಲ್ಲಿ ‘ರಿಕ್ವೆಸ್ಟ್’ ಎನ್ನಬೇಕಾದ ಕಡೆ ‘ಡಿಮ್ಯಾಂಡ್’ ಎಂದು ಬರೆದುಬಿಡುವವರ ವ್ಯಾಕರಣದಲ್ಲಿ ದೋಷವೇನೂ ಇರುವುದಿಲ್ಲ. ಆದರೂ ವಿನಂತಿಯಾಗಬೇಕಾದುದು ಪಟ್ಟು ಹಿಡಿದು ಕೇಳಿದಂತಾಗುತ್ತದೆ. ಇಂಥ ತಪ್ಪುಗಳು ತೀರಾ ಸಾಮಾನ್ಯವಾಗಿರುವುದರಿಂದ ಪದವನ್ನು ಆರಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು, ಹೇಳಬೇಕಾದುದನ್ನು ಕನ್ನಡದಲ್ಲೇ ಪೂರ್ಣ ವಾಕ್ಯವಾಗಿ ಬರೆದುಕೊಳ್ಳಿ. ಅನಂತರ ನೆನಪಿಗೆ ಬರುವ ಎರಡು ಮೂರು ಇಂಗ್ಲಿಷ್ ಪದಗಳನ್ನು ಪಕ್ಕದಲ್ಲಿ ಗುರುತು ಹಾಕಿಕೊಂಡು, ಕಲಿಯುವವರಿಗಾಗಿಯೇ ಸಿದ್ಧಪಡಿಸಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟನ್ನು ತೆರೆಯಿರಿ. ಒಂದು ಪದಕ್ಕೆ ಒಂದೇ ಕನ್ನಡ ಪದ ಕೊಟ್ಟು ಮುಗಿಸುವ ಕಿಸೆ ನಿಘಂಟುಗಳು ಈ ಕೆಲಸಕ್ಕೆ ಬಾರವು. ಕಂಪ್ಯೂಟರ್ ತೋರಿಸುವ ಸಮಾನಾರ್ಥಕ ಪದಗಳ ಪಟ್ಟಿಯೂ ಮರೆತ ಪದವನ್ನು ನೆನಪಿಸಿಕೊಳ್ಳಲು ಸಾಕಾದೀತು, ಆರಿಸಲು ಸಾಲದು.

ಹೆಚ್ಚಿನವರು ಎಡವುವುದು ಇದರ ಮುಂದಿನ ಹಂತದಲ್ಲಿ. ನಿಘಂಟಿನಲ್ಲಿ ಅರ್ಥವನ್ನು ಓದಿದೊಡನೆ ಪುಟ ಮುಚ್ಚಬೇಡಿ; ಪದದ ಪಕ್ಕದಲ್ಲಿ ಓರೆ ಅಕ್ಷರಗಳಲ್ಲಿರುವ ಸೂಚನೆಯನ್ನು ಗಮನಿಸಿ. ಅದು ಮೆಚ್ಚುಗೆಯ ಪದವೋ, ಹೀಗಳೆಯುವ ಪದವೋ, ಔಪಚಾರಿಕವೋ ಎಂಬುದು ಅಲ್ಲಿ ತಿಳಿಯುತ್ತದೆ. ‘ಸ್ಲಿಮ್’ ಮತ್ತು ‘ಸ್ಕಿನ್ನಿ’ ಎರಡೂ ತೆಳ್ಳಗಿರುವವರನ್ನೇ ಕುರಿತರೂ ಮೊದಲನೆಯದು ಹೊಗಳಿಕೆ, ಎರಡನೆಯದು ಮೂಳೆ ಕಾಣುವಷ್ಟು ಬಡಕಲು ಎಂಬ ಮಾತು. ‘ಚೈಲ್ಡ್‌ಲೈಕ್’ ಎಂದರೆ ಮಗುವಿನಂಥ ಮುಗ್ಧತೆ, ‘ಚೈಲ್ಡಿಶ್’ ಎಂದರೆ ದೊಡ್ಡವರ ಹುಡುಗಾಟಿಕೆ. ಅತಿಥಿಯ ಪರಿಚಯದಲ್ಲಿ ‘ಫೇಮಸ್’ ಸಪ್ಪೆಯಾಯಿತೆಂದು ‘ನೊಟೋರಿಯಸ್’ ಬಳಸಿದರೆ ಗಣ್ಯರು ಕುಖ್ಯಾತರಾಗುತ್ತಾರೆ. ಪದದ ಮೂಲವೂ ಕೆಲವೊಮ್ಮೆ ದಾರಿ ತೋರಿಸುತ್ತದೆ: ‘ಆಸ್ಕ್’ ಹಳೆಯ ಇಂಗ್ಲಿಷಿನ ಸ್ವಂತ ಪದ, 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚಿನಿಂದ ಬಂದದ್ದು ‘ಕ್ವೆಶ್ಚನ್’, ಲ್ಯಾಟಿನ್ ಮೂಲದ ‘ಇಂಟರಾಗೇಟ್’ ಪೊಲೀಸರ ವಿಚಾರಣೆಗೆ ಸಲ್ಲುತ್ತದೆ. ಸಹೋದ್ಯೋಗಿಯನ್ನು ಏನಾದರೂ ಕೇಳಿದ್ದಕ್ಕೆ ‘ಆಸ್ಕ್’ ಸಾಕು. ಸಂದೇಹವಿದ್ದಾಗಲೆಲ್ಲ ಸರಳ ಪದವನ್ನೇ ಹಿಡಿಯಿರಿ.

ಇನ್ನು ಪದದ ಒಡನಾಟ, ಅಂದರೆ ಯಾವ ಪದದ ಜೊತೆ ಯಾವ ಪದ ಬರುತ್ತದೆ ಎಂಬುದು. ಇಂಗ್ಲಿಷಿನಲ್ಲಿ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’. ಚಹಾವನ್ನು ‘ಸ್ಟ್ರಾಂಗ್’ ಎನ್ನುತ್ತಾರೆಯೇ ಹೊರತು ‘ಪವರ್‌ಫುಲ್’ ಎನ್ನುವುದಿಲ್ಲ. ಇದಕ್ಕೆ ನಿಯಮ ಹುಡುಕುವುದು ವ್ಯರ್ಥ. ನಿಘಂಟಿನ ಉದಾಹರಣೆ ವಾಕ್ಯಗಳನ್ನು ಓದಲೇಬೇಕು. ಪದಗುಚ್ಛವನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಅಂತರ್ಜಾಲದಲ್ಲಿ ಹುಡುಕುವ ಅಡ್ಡದಾರಿಯೂ ಉಂಟು, ಆದರೆ ಫಲಿತಾಂಶಗಳ ಸಂಖ್ಯೆಯನ್ನು ನಂಬದೆ ಬರೆದವರು ಯಾರೆಂದು ನೋಡಬೇಕು.

‘ಎಕನಾಮಿಕ್’, ‘ಎಕನಾಮಿಕಲ್’ನಂಥ ಜೋಡಿಗಳನ್ನು ಬಿಡಿಯಾಗಿ ಬಾಯಿಪಾಠ ಮಾಡಬೇಡಿ. ಸರ್ಕಾರದ ಆರ್ಥಿಕ ನೀತಿಗೆ ಮೊದಲನೆಯದನ್ನೂ ಕಡಿಮೆ ಇಂಧನ ಬೇಡುವ ಕಾರಿಗೆ ಎರಡನೆಯದನ್ನೂ ಇಟ್ಟು, ಪೂರ್ಣ ವಾಕ್ಯಗಳನ್ನೇ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.